ಹಾರ್ಮೋನುಗಳ ಕರೆ ಮತ್ತು ಕೋಶಪೊರೆಯ ಸ್ನೇಹದ್ರವ್ಯ

ಮಾನವ ಶರೀರವು ಕೋಟ್ಯನುಕೋಟಿ ಜೀವಕೋಶಗಳ ಒಂದು ದೊಡ್ಡ ಸಮುದಾಯ. ಸಮುದಾಯವೆಂದ ಮೇಲೆ ಅಲ್ಲಿ ಪರಸ್ಪರ ಸಂಪರ್ಕ ಇರಲೇಬೇಕು. ಉಂಡ ಅನ್ನ ಜೀರ್ಣವಾಗಿ ರಕ್ತದಲ್ಲಿ ಸಕ್ಕರೆ ಏರಿದೆಯೆಂಬ ಸುದ್ದಿ ಸ್ನಾಯುಗಳಿಗೆ ತಲುಪಬೇಕು. ಹಸುಗೂಸು ಮೊಲೆಗೆ ಬಾಯಿಟ್ಟಿದೆಯೆಂಬ ಸುದ್ದಿ ತಾಯಿಯ ಹಾಲಿನ ಗ್ರಂಥಿಗಳಿಗೆ ಮುಟ್ಟಬೇಕು. ಎದುರಿಗೆ ಹಾವು ಕಂಡಿತೆಂಬ ಸುದ್ದಿ ಹೃದಯಕ್ಕೂ ಯಕೃತ್ತಿಗೂ ಕ್ಷಣಮಾತ್ರದಲ್ಲಿ ಹೋಗಬೇಕು. ಇಂಥ ಸುದ್ದಿಗಳನ್ನು ಹೊತ್ತು ರಕ್ತಪ್ರವಾಹದಲ್ಲಿ ಸಂಚರಿಸುವ ದೂತರೇ ಹಾರ್ಮೋನುಗಳು. 1902ರಲ್ಲಿ ಇಂಗ್ಲೆಂಡಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಇಬ್ಬರು ವಿಜ್ಞಾನಿಗಳು ಕರುಳಿನಲ್ಲಿ ಹುಟ್ಟಿ ಮೇದೋಜೀರಕ ಗ್ರಂಥಿಯನ್ನು ಪ್ರಚೋದಿಸುವ ಇಂಥ ಒಂದು ದ್ರವ್ಯವನ್ನು ಕಂಡುಹಿಡಿದರು. 1905ರಲ್ಲಿ ಸ್ಟಾರ್ಲಿಂಗ್ ಅಂಥ ದ್ರವ್ಯಗಳನ್ನು ‘ಹಾರ್ಮೋನು’ ಎಂದು ಕರೆದನು. ‘ಪ್ರಚೋದಿಸು’ ಎಂಬ ಅರ್ಥದ ಗ್ರೀಕ್ ಧಾತುವಿನಿಂದ ಬಂದ ಶಬ್ದವಿದು. ಆದ್ದರಿಂದಲೇ ಕನ್ನಡದಲ್ಲಿ ಇದಕ್ಕೆ ‘ಚೋದಕ’ವೆಂಬ ಹೆಸರೂ ಸಲ್ಲುತ್ತದೆ.

ಹಾರ್ಮೋನು ಹೇಗೆ ಕೆಲಸ ಮಾಡುತ್ತದೆಂದು ಕೇಳಿದರೆ ನಮ್ಮ ವಿದ್ಯಾರ್ಥಿಗಳು ಬೀಗ ಮತ್ತು ಕೀಲಿಕೈಯ ದೃಷ್ಟಾಂತವನ್ನು ಹೇಳುತ್ತಾರೆ. ಹಾರ್ಮೋನು ಕೀಲಿಕೈ, ಜೀವಕೋಶದ ಮೇಲಿರುವ ‘ಗ್ರಾಹಕ’ವೆಂಬ ಪ್ರೋಟೀನು ಬೀಗ, ಕೀಲಿಕೈ ಕೂಡಿಕೊಂಡರೆ ಬಾಗಿಲು ತೆರೆಯುತ್ತದೆ. ದೃಷ್ಟಾಂತ ಸರಿಯಾದದ್ದೇ, ಆದರೆ ಅಪೂರ್ಣವಾದದ್ದು. ಬೀಗವಿರುವುದು ಬಾಗಿಲಿನಲ್ಲಿ, ಬಾಗಿಲಿರುವುದು ಚೌಕಟ್ಟಿನಲ್ಲಿ. ಮಳೆಗಾಲದಲ್ಲಿ ಮರ ಉಬ್ಬಿ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡರೆ ಕೀಲಿಕೈ ಎಷ್ಟು ಸರಿಯಾಗಿದ್ದರೂ ಬಾಗಿಲು ತೆರೆಯದು ಎಂಬುದನ್ನು ನಮ್ಮ ಸೊರಬ-ಶಿಕಾರಿಪುರದ ಸೀಮೆಯವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಗ್ರಾಹಕವೆಂಬ ಬೀಗಕ್ಕೆ ಚೌಕಟ್ಟಾಗಿರುವುದು ಕೋಶಪೊರೆ. ಆ ಪೊರೆಯ ಮುಖ್ಯ ದ್ರವ್ಯ ಮೇದಸ್ಸು. ಈ ಮೇದಸ್ಸಿನ ಸ್ಥಿತಿಯನ್ನನುಸರಿಸಿ ಹಾರ್ಮೋನಿನ ಕರೆ ಕೋಶಕ್ಕೆ ಕೇಳಿಸುತ್ತದೆ ಅಥವಾ ಕೇಳಿಸದೆ ಹೋಗುತ್ತದೆ ಎಂಬುದೇ ಪ್ರಸ್ತುತ ಲೇಖನದ ಪ್ರತಿಪಾದ್ಯ ವಿಷಯ. ಮನೆಮನೆಯಲ್ಲೂ ಮಧುಮೇಹದ ಮಾತು ಕೇಳಿಬರುತ್ತಿರುವ ಈ ಕಾಲದಲ್ಲಿ ಇದು ಕೇವಲ ಪ್ರಯೋಗಶಾಲೆಯ ವಿಚಾರವಲ್ಲ.

ಪೊರೆಯ ಸ್ವರೂಪ

ಸಂಸ್ಕೃತದಲ್ಲಿ ‘ಸ್ನೇಹ’ ಎಂಬ ಶಬ್ದಕ್ಕೆ ಪ್ರೀತಿ ಎಂಬಂತೆಯೇ ಎಣ್ಣೆ, ಜಿಡ್ಡು ಎಂಬ ಅರ್ಥವೂ ಉಂಟು. ಎಣ್ಣೆ, ತುಪ್ಪ, ಕೊಬ್ಬು, ಮೇಣ ಇವೆಲ್ಲ ಸ್ನೇಹದ್ರವ್ಯಗಳು. ವಿಜ್ಞಾನಿಗಳು ಇವಕ್ಕೆ ಒಟ್ಟಾಗಿ ಲಿಪಿಡ್ ಎನ್ನುತ್ತಾರೆ. ನಾವು ಮೇದಸ್ಸು ಎನ್ನೋಣ. ನೀರಿನೊಡನೆ ಬೆರೆಯದಿರುವುದು ಇವುಗಳ ಸಾಮಾನ್ಯ ಲಕ್ಷಣ.

ಕೋಶಪೊರೆಯ ಮೇದಸ್ಸಿಗೆ ಒಂದು ವಿಶೇಷವಿದೆ. ಅದರ ಅಣುವಿಗೆ ತಲೆಯೊಂದು, ಬಾಲ ಸಾಮಾನ್ಯವಾಗಿ ಎರಡು. ರಂಜಕವನ್ನು, ಎಂದರೆ ಫಾಸ್ಫರಸ್ಸನ್ನು ಒಳಗೊಂಡ ತಲೆ ನೀರನ್ನು ಬಯಸುತ್ತದೆ; ಬಾಲಗಳು ನೀರನ್ನು ದೂರವಿಡುತ್ತವೆ. ಈ ಕಾರಣದಿಂದ ಅಣುಗಳು ತಾವಾಗಿಯೇ ಎರಡು ಸಾಲುಗಳಾಗಿ ನಿಲ್ಲುತ್ತವೆ: ಒಂದು ಸಾಲಿನ ತಲೆ ಹೊರಗಿನ ನೀರಿಗೆ, ಇನ್ನೊಂದು ಸಾಲಿನ ತಲೆ ಒಳಗಿನ ನೀರಿಗೆ, ಬಾಲಗಳು ನಡುವೆ. 1925ರಲ್ಲಿ ಹಾಲೆಂಡಿನ ಗೋರ್ಟರ್ ಮತ್ತು ಗ್ರೆಂಡೆಲ್ ಎಂಬುವರು ಕೆಂಪು ರಕ್ತಕಣಗಳಿಂದ ಮೇದಸ್ಸನ್ನು ಬೇರ್ಪಡಿಸಿ ನೀರಿನ ಮೇಲೆ ಒಂದೇ ಪದರವಾಗಿ ಹರಡಿ ಅಳೆದರು. ಅದು ಆ ಕಣಗಳ ಮೇಲ್ಮೈಗಿಂತ ಸುಮಾರು ಎರಡರಷ್ಟು ವಿಸ್ತಾರವಾಗಿತ್ತು. ಪೊರೆಗೆ ಎರಡು ಪದರಗಳಿವೆಯೆಂದು ಅವರು ಊಹಿಸಿದ್ದು ಇದರಿಂದ. ಆ ಇಬ್ಬದಿಯ ಪೊರೆಯ ದಪ್ಪವೆಷ್ಟು? ಒಂದು ಮಿಲಿಮೀಟರನ್ನು 10 ಲಕ್ಷ ಭಾಗ ಮಾಡಿದರೆ ಅದರಲ್ಲಿ ನಾಲ್ಕೈದು ಭಾಗಗಳಷ್ಟು ಮಾತ್ರ.

1972ರಲ್ಲಿ ಅಮೆರಿಕದ ಸಿಂಗರ್ ಮತ್ತು ನಿಕಲ್ಸನ್ ಈ ಚಿತ್ರವನ್ನು ಇನ್ನಷ್ಟು ಪೂರ್ಣಗೊಳಿಸಿದರು. ಅವರ ಮತದಂತೆ ಪೊರೆ ಗಟ್ಟಿಯಾದ ಗೋಡೆಯಲ್ಲ. ದ್ರವದಂತೆ ಚಲಿಸುವ ಮೇದಸ್ಸಿನಲ್ಲಿ ಪ್ರೋಟೀನುಗಳು ತೇಲುತ್ತಿರುವ ಒಂದು ಹರಹು. ನಮ್ಮ ಕುಬಟೂರಿನ ಕೈಟಭೇಶ್ವರ ದೇವಾಲಯದ ಮಂಟಪವನ್ನು ಕಂಡವರು ಅಲ್ಲಿಯ ನುಣುಪಾದ ಕಂಬಗಳನ್ನು ಮರೆಯಲಾರರು. ಆ ಕಂಬಗಳು ಶತಮಾನಗಳಿಂದ ನಿಂತಲ್ಲೇ ನಿಂತಿವೆ. ನೆಲ ಅವನ್ನು ಅಲುಗದಂತೆ ಹಿಡಿದಿದೆ. ಕೋಶಪೊರೆಯ ಮಂಟಪದಲ್ಲಾದರೋ ನೆಲವೇ ಹರಿಯುತ್ತದೆ, ಕಂಬಗಳೂ ಅದರೊಡನೆ ತೇಲುತ್ತವೆ, ಒಂದನ್ನೊಂದು ಸಂಧಿಸುತ್ತವೆ, ಅಗಲುತ್ತವೆ.

ನೆಲ ಎಷ್ಟು ಸಡಿಲ, ಎಷ್ಟು ಬಿಗಿ ಎಂಬುದನ್ನು ನಿರ್ಧರಿಸುವುದು ಬಾಲಗಳ ರೂಪ. ಚಳಿಗಾಲದ ಬೆಳಗಿನಲ್ಲಿ ತುಪ್ಪ ಹೆಪ್ಪುಗಟ್ಟಿರುತ್ತದೆ. ಪಕ್ಕದ ಕಡಲೆಕಾಯಿ ಎಣ್ಣೆ ಹರಿಯುತ್ತಲೇ ಇರುತ್ತದೆ. ತುಪ್ಪದ ಕೊಬ್ಬಿನಲ್ಲಿ ನೆಟ್ಟಗಿರುವ ಬಾಲಗಳು ಹೆಚ್ಚು. ಅವು ಸೌದೆಯ ಹೊರೆಯಂತೆ ಒತ್ತಾಗಿ ಜೋಡಿಸಿಕೊಳ್ಳುತ್ತವೆ. ಎಣ್ಣೆಯಲ್ಲಿ ಸೊಟ್ಟಗಿರುವ ಬಾಲಗಳು ಹೆಚ್ಚು. ಅವು ಒತ್ತಾಗಿ ನಿಲ್ಲಲಾರವು. ಕೋಶಪೊರೆಯಲ್ಲಿ ಇವೆರಡೂ ಹದವಾಗಿ ಬೆರೆತಿರುತ್ತವೆ. ಇವುಗಳ ನಡುವೆ ಕೊಲೆಸ್ಟರಾಲ್ ಎಂಬ ಮೇದಸ್ಸು ಸೇರಿಕೊಂಡು, ಪೊರೆ ಅತಿಯಾಗಿ ಸಡಿಲವಾಗದಂತೆಯೂ ಅತಿಯಾಗಿ ಬಿಗಿಯದಂತೆಯೂ ಕಾಯುತ್ತದೆ. ಹೃದ್ರೋಗದ ಪ್ರಸಂಗದಲ್ಲಿ ಕೊಲೆಸ್ಟರಾಲನ್ನು ಶತ್ರುವೆಂದೇ ಕೇಳಿದವರು ಇದನ್ನು ಗಮನಿಸಬೇಕು. ಅತಿಯಾಗಿ ರಕ್ತನಾಳದಲ್ಲಿ ಸಂಚಯವಾದಾಗ ಅದು ಹಾನಿಕರ. ಕೋಶಪೊರೆಯಲ್ಲಿ ಅದಿಲ್ಲದೆ ಮನುಷ್ಯನಿಗೂ ಪ್ರಾಣಿಗಳಿಗೂ ಬದುಕಿಲ್ಲ.

ತುಪ್ಪಕ್ಕೆ ಪಾತ್ರೆ ಆಧಾರವೋ, ಪಾತ್ರೆಗೆ ತುಪ್ಪ ಆಧಾರವೋ ಎಂದು ಸಂಶಯಪಟ್ಟು, ಪಾತ್ರೆಯನ್ನು ಬೋರಲು ಹಾಕಿ ನೋಡಿದ ತಾರ್ಕಿಕನ ನಗೆಮಾತು ಪಾಠಶಾಲೆಗಳಲ್ಲಿ ಓದಿದವರಿಗೆ ತಿಳಿದದ್ದೇ. ಅಡಿಗೆಮನೆಯಲ್ಲಿ ಅದು ನಗೆಗೆ ವಿಷಯ. ಕೋಶಪೊರೆಯಲ್ಲಿ ಅದು ಗಂಭೀರವಾದ ಪ್ರಶ್ನೆ. ಇಲ್ಲಿ ಮೇದಸ್ಸೇ ಆಧಾರ, ಪ್ರೋಟೀನು ಆಧೇಯ. ಆಧಾರ ಕೆಟ್ಟರೆ ಆಧೇಯದ ಗುಣವೂ ಕೆಡುತ್ತದೆ.

ಎರಡು ಬಗೆಯ ದೂತರು

ಹಾರ್ಮೋನುಗಳೆಲ್ಲ ಒಂದೇ ಬಗೆಯವಲ್ಲ. ಸ್ತ್ರೀಪುರುಷ ಲಕ್ಷಣಗಳಿಗೆ ಕಾರಣವಾದ ಹಾರ್ಮೋನುಗಳೂ ಕಾರ್ಟಿಸೋಲ್ ಎಂಬುದೂ ಸ್ಟೀರಾಯ್ಡ್ ಎಂಬ ಪಂಗಡಕ್ಕೆ ಸೇರಿದವು. ಇವು ಕೊಲೆಸ್ಟರಾಲಿನಿಂದಲೇ ಹುಟ್ಟಿದವು. ತಾವೇ ಸ್ನೇಹಸ್ವಭಾವದವಾದ್ದರಿಂದ ಪೊರೆಯನ್ನು ದಾಟಿ ಒಳಹೊಕ್ಕು, ಬಹುಮಟ್ಟಿಗೆ ಕೋಶದೊಳಗಿನ ಗ್ರಾಹಕಗಳನ್ನೇ ಕೂಡಿಕೊಳ್ಳುತ್ತವೆ. ಇನ್ಸುಲಿನ್, ಆಕ್ಸಿಟೋಸಿನ್, ಅಡ್ರಿನಲಿನ್ ಮೊದಲಾದವು ನೀರಿನಲ್ಲಿ ಕರಗತಕ್ಕವು; ಮೇದಸ್ಸಿನ ಪದರವನ್ನು ದಾಟಲಾರವು. ಅವು ಹೊಸ್ತಿಲಲ್ಲಿ ನಿಂತೇ ಸುದ್ದಿ ಹೇಳಬೇಕು. ಗ್ರಾಹಕ ಪೊರೆಯ ಉದ್ದಕ್ಕೂ ಚಾಚಿಕೊಂಡಿದೆ; ತಲೆ ಹೊರಗೆ, ಕಾಲು ಒಳಗೆ. ಹೊಸ್ತಿಲ ಮೇಲಿಟ್ಟ ದೀಪ ಒಳಗೂ ಹೊರಗೂ ಬೆಳಗುತ್ತದೆಂಬ ದೇಹಲೀದೀಪ ನ್ಯಾಯ ಗ್ರಾಹಕಕ್ಕೆ ಚೆನ್ನಾಗಿ ಒಪ್ಪುತ್ತದೆ. ಆ ದೀಪಕ್ಕೂ ಸ್ನೇಹವೇ ಆಧಾರ.

ಹೊಸ್ತಿಲಲ್ಲಿ ಹೇಳಿದ ಮಾತು ಒಳಗೆ ಅರ್ಥವಾಗುವ ಬಗೆಯನ್ನು ವಿವರಿಸಲು ನಮ್ಮ ಶಾಸ್ತ್ರಕಾರರ ಒಂದು ವಿಚಾರ ಸಹಾಯಕ್ಕೆ ಬರುತ್ತದೆ. ವಾಕ್ಯದಿಂದ ಅರ್ಥಜ್ಞಾನ ಉಂಟಾಗಬೇಕಾದರೆ ಯೋಗ್ಯತೆ, ಸನ್ನಿಧಿ, ಆಕಾಂಕ್ಷೆ ಎಂಬ ಮೂರು ಇರಬೇಕೆಂದು ಅವರು ಹೇಳಿದ್ದಾರೆ. ‘ಬೆಂಕಿಯಿಂದ ಗಿಡವನ್ನು ನೆನೆಸುತ್ತಾನೆ’ ಎಂದರೆ ಯೋಗ್ಯತೆಯಿಲ್ಲ. ‘ಹಸುವನ್ನು’ ಎಂದು ಈಗ ಹೇಳಿ ‘ತಾ’ ಎಂದು ಒಂದು ಜಾವ ಕಳೆದು ಹೇಳಿದರೆ ಸನ್ನಿಧಿಯಿಲ್ಲ. ಹಸು, ಮರ, ಕಲ್ಲು ಎಂದು ಬರಿದೆ ಪದಗಳನ್ನು ಪೇರಿಸಿದರೆ ಒಂದಕ್ಕೆ ಇನ್ನೊಂದರ ಆಕಾಂಕ್ಷೆಯಿಲ್ಲ. ಹಾರ್ಮೋನಿನ ಕರೆಯೂ ಒಂದು ವಾಕ್ಯದಂತೆ. ಅದರ ಯೋಗ್ಯತೆ, ಸನ್ನಿಧಿ, ಆಕಾಂಕ್ಷೆಗಳು ಮೂರಕ್ಕೂ ಪೊರೆಯ ಮೇದಸ್ಸು ಹೇಗೆ ಕಾರಣವಾಗುತ್ತದೆಂಬುದನ್ನು ಕ್ರಮವಾಗಿ ನೋಡೋಣ.

ಯೋಗ್ಯತೆ: ಗ್ರಾಹಕದ ರೂಪ

ಕರು ಕೆಚ್ಚಲನ್ನು ಗುದ್ದಿ ಚೀಪಿದಾಗ ಹಸುವಿನ ಮಿದುಳಿನ ತಳದ ಪಿಟ್ಯೂಟರಿ ಗ್ರಂಥಿಯಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಬರುತ್ತದೆ. ಅದು ಕೆಚ್ಚಲಿನ ಸೂಕ್ಷ್ಮ ಚೀಲಗಳ ಸುತ್ತಲಿನ ಕೋಶಗಳನ್ನು ಕುಗ್ಗಿಸಿ ಹಾಲನ್ನು ಇಳಿಸುತ್ತದೆ. ತಾಯಂದಿರಲ್ಲಿ ಹಾಲು ಇಳಿಯುವುದಕ್ಕೂ ಹೆರಿಗೆಯಲ್ಲಿ ಗರ್ಭಾಶಯ ಸಂಕುಚಿಸುವುದಕ್ಕೂ ಇದೇ ಹಾರ್ಮೋನು ನೆರವಾಗುತ್ತದೆ.

ಜರ್ಮನಿಯ ಗಿಂಪ್ಲ್ ಮತ್ತು ಅವರ ಸಹೋದ್ಯೋಗಿಗಳು 1997ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಈ ಹಾರ್ಮೋನಿನ ಗ್ರಾಹಕವನ್ನು ಪರೀಕ್ಷಿಸಿದರು. ಪೊರೆಯಿಂದ ಕೊಲೆಸ್ಟರಾಲನ್ನು ತೆಗೆದುಬಿಟ್ಟಾಗ ಗ್ರಾಹಕ ಆಕ್ಸಿಟೋಸಿನ್ನನ್ನು ಬಿಗಿಯಾಗಿ ಹಿಡಿಯಲಾರದಾಯಿತು. ಗ್ರಾಹಕ ಅಲ್ಲಿಯೇ ಇದೆ, ಹಾರ್ಮೋನೂ ಇದೆ; ಆದರೆ ಹಿಡಿತವಿಲ್ಲ. ಕೊಲೆಸ್ಟರಾಲಿಗೆ ಬದಲಾಗಿ ಅದರ ರೂಪದ ಬೇರೆ ಬೇರೆ ಅಣುಗಳನ್ನು ಹಾಕಿ ನೋಡಿದಾಗ, ಕೊಲೆಸ್ಟರಾಲನ್ನು ಬಹಳವಾಗಿ ಹೋಲುವವು ಮಾತ್ರ ಕೆಲಸಕ್ಕೆ ಬಂದವು. ಪೊರೆಯ ಬಿಗಿ-ಸಡಿಲಗಳಷ್ಟೇ ಇಲ್ಲಿ ಕಾರಣವಲ್ಲ, ಗ್ರಾಹಕಕ್ಕೂ ಕೊಲೆಸ್ಟರಾಲಿಗೂ ನೇರವಾದ ಸಂಬಂಧವೇ ಇದೆ ಎಂದು ಇದರಿಂದ ತೋರಿತು. 2020ರಲ್ಲಿ ಆ ಗ್ರಾಹಕದ ಸ್ಫಟಿಕರಚನೆ ಪ್ರಕಟವಾದಾಗ ಅದರ ಮೈಗೆ ಕೊಲೆಸ್ಟರಾಲ್ ಅಣು ಅಂಟಿಕೊಂಡಿರುವುದು ಕಾಣಬಂದಿತು.

ಇದೇ ದಾರಿಯಲ್ಲಿ ನಮ್ಮ ದೇಶದಲ್ಲಿಯೂ ಬೆಲೆಯುಳ್ಳ ಕೆಲಸ ನಡೆದಿದೆ. ಹೈದರಾಬಾದಿನ ಕೋಶೀಯ ಮತ್ತು ಅಣು ಜೀವವಿಜ್ಞಾನ ಕೇಂದ್ರದಲ್ಲಿ ಅಮಿತಾಭ ಚಟ್ಟೋಪಾಧ್ಯಾಯ ಮತ್ತು ಅವರ ಶಿಷ್ಯರು ಸೆರೊಟೋನಿನ್ ಎಂಬ ಸಂದೇಶವಾಹಕದ ಒಂದು ಗ್ರಾಹಕವನ್ನು ಆರಿಸಿಕೊಂಡರು. ಸೆರೊಟೋನಿನ್ ಮಿದುಳಿನಲ್ಲಿ ನರದಿಂದ ನರಕ್ಕೆ ಸುದ್ದಿ ಒಯ್ಯುವ ದ್ರವ್ಯ. ಮನಸ್ಸಿನ ಉಲ್ಲಾಸ, ಕಳವಳ, ನಿದ್ರೆಗಳಿಗೂ ಅದಕ್ಕೂ ಸಂಬಂಧವುಂಟು. ದನದ ಮಿದುಳಿನ ಪೊರೆಗಳಿಂದ ಕೊಲೆಸ್ಟರಾಲನ್ನು ತೆಗೆದಾಗ ಗ್ರಾಹಕದ ಹಿಡಿತ ಕುಗ್ಗಿತೆಂದೂ ಮರಳಿ ತುಂಬಿದಾಗ ಹಿಡಿತ ಮರಳಿತೆಂದೂ ಅವರು 2004ರಲ್ಲಿ ತೋರಿಸಿದರು. 2021ರಲ್ಲಿ ಹೊರಬಂದ ಆ ಗ್ರಾಹಕದ ರಚನೆಯಲ್ಲಿ ಕೊಲೆಸ್ಟರಾಲೂ ಇನ್ನೊಂದು ಬಗೆಯ ರಂಜಕ ಮೇದಸ್ಸೂ ಅದರೊಡನೆ ಕೂಡಿರುವುದು ಕಂಡಿತು. ಗ್ರಾಹಕದ ಯೋಗ್ಯತೆ ಗ್ರಾಹಕವೊಂದರಲ್ಲೇ ಇಲ್ಲ, ನೆರೆಯವರಲ್ಲಿಯೂ ಇದೆ.

ಸನ್ನಿಧಿ: ಕೂಡುವಿಕೆ ಮತ್ತು ಅಗಲುವಿಕೆ

ಗ್ರಾಹಕ ಸುದ್ದಿಯನ್ನು ಹಿಡಿದರೆ ಸಾಲದು. ಅದನ್ನು ಮುಂದಕ್ಕೆ ಒಯ್ಯುವ ಜೊತೆಗಾರರು ಹತ್ತಿರದಲ್ಲಿರಬೇಕು. ಹರಿಯುವ ನೆಲದ ಮೇಲೆ ತೇಲುತ್ತಿರುವ ಪ್ರೋಟೀನುಗಳನ್ನು ಹತ್ತಿರ ತರುವವರು ಯಾರು? ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ನಮ್ಮ ಬೆಂಗಳೂರಿನ ವಿಜ್ಞಾನಿಗಳು ಪ್ರಮುಖರು ಎಂಬುದು ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿ.

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ, ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಿದೆ. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಗೆ ಸೇರಿದ ಈ ಕೇಂದ್ರದ ಸ್ಥಾಪಕ ನಿರ್ದೇಶಕರು ಒಬೈದ್ ಸಿದ್ದಿಖಿಯವರು. ಅಲ್ಲಿ ಸತ್ಯಜಿತ್ ಮೇಯರ್ ಅವರು, ಮೇದಸ್ಸಿನ ಬಾಲವೊಂದರಿಂದಲೇ ಪೊರೆಗೆ ಕಟ್ಟಿಕೊಂಡು ಹೊರಗೆ ತೂಗುವ ಒಂದು ಜಾತಿಯ ಪ್ರೋಟೀನುಗಳನ್ನು ಪರಿಶೀಲಿಸಿದರು. ಫೋಲೇಟ್ ಎಂಬ ಜೀವಸತ್ತ್ವದ ಗ್ರಾಹಕ ಇದಕ್ಕೊಂದು ಉದಾಹರಣೆ. ಇವು ಪೊರೆಯ ಮೇಲೆ ಹೇಗೆ ಹರಡಿವೆ? ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಇಷ್ಟು ಸಣ್ಣ ಅಂತರ ಗೋಚರಿಸದು. ಹೊಳೆಯುವ ವರ್ಣದ್ರವ್ಯದ ಎರಡು ಅಣುಗಳು ತೀರ ಸಮೀಪದಲ್ಲಿದ್ದರೆ ಒಂದರ ಬೆಳಕಿನ ಶಕ್ತಿ ಮತ್ತೊಂದಕ್ಕೆ ದಾಟುತ್ತದೆ. ಈ ತತ್ತ್ವವನ್ನು ಬಳಸಿ, ಆ ಪ್ರೋಟೀನುಗಳು ಚೆಲ್ಲಾಪಿಲ್ಲಿಯಾಗಿರದೆ ಗುಂಪುಗೂಡಿವೆಯೆಂದು ಮೇಯರ್ ಮತ್ತು ಅವರ ಶಿಷ್ಯರು 1998ರಲ್ಲಿ ತೋರಿಸಿದರು. ಒಂದೊಂದು ಗುಂಪಿನಲ್ಲಿ ಹೆಚ್ಚೆಂದರೆ ನಾಲ್ಕು ಅಣುಗಳಷ್ಟೇ ಇವೆಯೆಂದು 2004ರಲ್ಲಿ ಕಂಡುಕೊಂಡರು. ಭೌತವಿಜ್ಞಾನಿ ಮದನ ರಾವ್ ಅವರೊಡನೆ ಕೂಡಿ 2008ರಲ್ಲಿ ಇನ್ನೂ ಒಂದು ವಿಷಯವನ್ನು ಹೊರತಂದರು: ಪೊರೆಯ ಕೆಳಗೆ ಸದಾ ಚಲಿಸುತ್ತಿರುವ ಆಕ್ಟಿನ್ ಎಂಬ ಎಳೆಗಳ ಜಾಲವೇ ಇವನ್ನು ಗುಂಪುಗೂಡಿಸುತ್ತದೆ.

ಒಳಗಿನ ಎಳೆ ಹೊರಗಿನ ಪದರದಲ್ಲಿರುವ ಅಣುವನ್ನು ಎಳೆಯುವುದು ಹೇಗೆ? 2015ರಲ್ಲಿ ಅದಕ್ಕೂ ಉತ್ತರ ದೊರೆಯಿತು. ಒಳಪದರದಲ್ಲಿ ಉದ್ದವೂ ನೆಟ್ಟಗೂ ಇರುವ ಬಾಲದ ಒಂದು ರಂಜಕ ಮೇದಸ್ಸು ಇದೆ. ಅದರ ಬಾಲ ಹೊರಪದರದ ಬಾಲಗಳೊಡನೆ ನಡುವಿನಲ್ಲಿ ಬೆರಳಿಗೆ ಬೆರಳು ಕೋದಂತೆ ಕೂಡಿಕೊಳ್ಳುತ್ತದೆ. ತಲೆ ಕೆಳಗಿನ ಎಳೆಗಳಿಗೆ ಸಂಬಂಧಿಸಿರುತ್ತದೆ. ಎಳೆ ಜಗ್ಗಿದರೆ ಹೊರಗಿನದೂ ಬರುತ್ತದೆ. ಫೋಲೇಟ್ ಹಾರ್ಮೋನಲ್ಲ, ನಿಜ. ಆದರೆ ಪೊರೆಯ ಮೇಲಣ ಕೂಟಗಳು ಆಕಸ್ಮಿಕವಲ್ಲವೆಂದೂ ಮೇದಸ್ಸು ಮತ್ತು ಜಾಲಗಳಿಂದ ಜೀವಕೋಶವೇ ಅವನ್ನು ರಚಿಸುತ್ತದೆಂದೂ ಈ ಕೆಲಸ ಸ್ಪಷ್ಟಪಡಿಸಿತು.

ಹಾರ್ಮೋನಿನ ಪ್ರಸಂಗದಲ್ಲಿ ಸನ್ನಿಧಿ ತಪ್ಪಿದರೆ ಏನಾಗುವುದೆಂಬುದಕ್ಕೆ ಜಪಾನಿನಿಂದ ಬಂದ ನಿದರ್ಶನವೊಂದಿದೆ. ಕೊಬ್ಬಿನ ಕೋಶಗಳ ಪೊರೆಯಲ್ಲಿ ಇನ್ಸುಲಿನ್ನಿನ ಗ್ರಾಹಕ ಸಣ್ಣ ಗುಳಿಗಳಲ್ಲಿ, ಕ್ಯಾವಿಯೋಲಿನ್ ಎಂಬ ಪ್ರೋಟೀನಿನ ಸಂಗದಲ್ಲಿ ನೆಲೆಸಿರುತ್ತದೆ. ತಲೆಯಲ್ಲಿ ಸಕ್ಕರೆಯ ಸರಪಣಿಯುಳ್ಳ ಜಿಎಂ3 ಎಂಬ ಮೇದಸ್ಸು ಪೊರೆಯಲ್ಲಿ ಹೆಚ್ಚಾದಾಗ, ಅದು ಗ್ರಾಹಕವನ್ನು ತನ್ನತ್ತ ಸೆಳೆದು ಆ ಸಂಗದಿಂದ ಬಿಡಿಸುತ್ತದೆ. ಇನ್ಸುಲಿನ್ನಿನ ಸುದ್ದಿ ಕುಂದುತ್ತದೆ. ಇದನ್ನು ಇನೊಕುಚಿಯವರ ತಂಡ 2007ರಲ್ಲಿ ವಿವರಿಸಿತು. ಈ ಮೇದಸ್ಸನ್ನು ತಯಾರಿಸಲಾರದ ಇಲಿಗಳು ಇನ್ಸುಲಿನ್ನಿಗೆ ಹೆಚ್ಚು ಚೆನ್ನಾಗಿ ಓಗೊಟ್ಟವೆಂದು 2003ರಲ್ಲಿಯೇ ತಿಳಿದುಬಂದಿತ್ತು.

ಆಕಾಂಕ್ಷೆ: ಮೇದಸ್ಸೇ ಮುಂದಿನ ಪದ

ಇದುವರೆಗೆ ಹೇಳಿದ್ದರಲ್ಲಿ ಮೇದಸ್ಸು ಗ್ರಾಹಕಕ್ಕೆ ಸಹಾಯಕವೋ ವಿಘ್ನಕಾರಿಯೋ ಆಗಿತ್ತು. ಇನ್ನು ಹೇಳತಕ್ಕದ್ದು ಇನ್ನೂ ಸ್ವಾರಸ್ಯವಾದದ್ದು. ಇಲ್ಲಿ ಮೇದಸ್ಸು ತಾನೇ ಸುದ್ದಿಯಾಗುತ್ತದೆ.

1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಬೇರ್ಪಡಿಸಿದ ಇನ್ಸುಲಿನ್ 51 ಅಮೈನೊ ಆಮ್ಲಗಳ ಚಿಕ್ಕ ಪ್ರೋಟೀನು. ಊಟವಾದ ಮೇಲೆ ಅದು ಸ್ನಾಯುಕೋಶದ ಗ್ರಾಹಕವನ್ನು ಕೂಡಿದಾಗ ಗ್ರಾಹಕದ ಒಳಗಿನ ಭಾಗ ಎಚ್ಚೆತ್ತು ಕೆಲವು ಪ್ರೋಟೀನುಗಳನ್ನು ಕರೆಯುತ್ತದೆ. ಅವುಗಳಲ್ಲೊಂದು ಪೊರೆಯ ಒಳಪದರದಲ್ಲಿರುವ ಪಿಐಪಿ2 ಎಂಬ ಮೇದಸ್ಸಿನ ತಲೆಗೆ ರಂಜಕದ ಇನ್ನೊಂದು ಗುಂಪನ್ನು ಜೋಡಿಸುತ್ತದೆ. ಎರಡಿದ್ದದ್ದು ಮೂರಾಗಿ, ಪಿಐಪಿ3 ಎಂಬ ಹೊಸ ಮೇದಸ್ಸು ಹುಟ್ಟುತ್ತದೆ. ಇದರ ಪ್ರಮಾಣ ಅತ್ಯಲ್ಪ. ಆದರೆ ಇದು ಹುಟ್ಟಿದೊಡನೆ ಕೋಶದೊಳಗೆ ಅಲೆಯುತ್ತಿದ್ದ ಎಕೆಟಿ ಎಂಬ ಪ್ರೋಟೀನು ಪೊರೆಗೆ ಬಂದು ಇದನ್ನು ಹಿಡಿದು ಚುರುಕಾಗುತ್ತದೆ. ಅದರ ಪ್ರೇರಣೆಯಿಂದ ಸಕ್ಕರೆಯನ್ನು ಒಳಕ್ಕೆ ತರುವ ದ್ವಾರಗಳು ಪೊರೆಯ ಮೇಲಕ್ಕೆ ಬರುತ್ತವೆ. ರಕ್ತದ ಸಕ್ಕರೆ ಸ್ನಾಯುವಿನೊಳಗೆ ಹೋಗುತ್ತದೆ. ಕೆಲಸ ಮುಗಿದ ಮೇಲೆ ಬೇರೆ ಪ್ರೋಟೀನುಗಳು ಆ ರಂಜಕದ ಗುಂಪನ್ನು ಕಳಚಿಹಾಕುತ್ತವೆ. ‘ಹಸುವನ್ನು’ ಎಂಬ ಪದ ‘ತಾ’ ಎಂಬ ಕ್ರಿಯಾಪದವನ್ನು ಅಪೇಕ್ಷಿಸುವಂತೆ, ಗ್ರಾಹಕದ ಮಾತು ಪಿಐಪಿ3 ಎಂಬ ಮೇದಸ್ಸನ್ನು ಅಪೇಕ್ಷಿಸುತ್ತದೆ. ಅದು ಬಾರದಿದ್ದರೆ ವಾಕ್ಯ ಅಪೂರ್ಣ; ಅಳತೆ ಮೀರಿ ಬಂದರೆ ಅತಿಪ್ರಸಂಗ.

ಆದ್ದರಿಂದ ಇದರ ಅಳತೆಯನ್ನು ಕಾಯುವವರು ಬೇಕು. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ರಘು ಪದಿಂಜಾಟ್ ಮತ್ತು ಅವರ ತಂಡದವರು ಬಾಳೆಹಣ್ಣಿಗೆ ಮುತ್ತುವ ಸಣ್ಣ ಹಣ್ಣುನೊಣದಲ್ಲಿ ಇದನ್ನು ಪರೀಕ್ಷಿಸಿದರು. ಪಿಐಪಿ4ಕೆ ಎಂಬ ಪ್ರೋಟೀನು ಇನ್ಸುಲಿನ್ನಿನ ಕರೆ ಬಂದಾಗ ಪಿಐಪಿ3 ಅಳತೆ ಮೀರದಂತೆ ತಡೆಯುತ್ತದೆಂದು ಅವರು 2019ರಲ್ಲಿ ಪ್ರಕಟಿಸಿದರು. ಆ ಪ್ರೋಟೀನು ಇಲ್ಲದ ನೊಣಗಳಲ್ಲಿ ಇನ್ಸುಲಿನ್ನಿನ ಪರಿಣಾಮ ಹೆಚ್ಚಾಗಿತ್ತು. ಸಕ್ಕರೆ ಅತಿಯಾದ ಆಹಾರವನ್ನು ಕೊಟ್ಟರೂ ಅದರಿಂದಾಗುವ ಕೇಡನ್ನು ಅವು ತಡೆದುಕೊಂಡವು. ನೊಣಕ್ಕೂ ಮನುಷ್ಯನಿಗೂ ಅಂತರ ಬಹಳ. ಆದರೂ ಈ ಸಂಕೇತದ ಮೂಲವ್ಯವಸ್ಥೆ ಎರಡರಲ್ಲಿಯೂ ಒಂದೇ ಎಂಬುದರಿಂದ ಇಂಥ ಕೆಲಸಕ್ಕೆ ಬೆಲೆ ಬಂದಿದೆ.

ಮಧುಮೇಹ ಮತ್ತು ನಮ್ಮ ಮನೆಗಳು

ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಂತೆ ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10 ಕೋಟಿ. ಇವರಲ್ಲಿ ಬಹುಪಾಲು ಜನರಿಗಿರುವುದು ಎರಡನೆಯ ಬಗೆಯ ಮಧುಮೇಹ. ಅದರ ಆರಂಭದಲ್ಲಿ ರಕ್ತದಲ್ಲಿ ಇನ್ಸುಲಿನ್ನಿಗೆ ಕೊರತೆಯಿರುವುದಿಲ್ಲ. ಎಷ್ಟೋ ವೇಳೆ ಹೆಚ್ಚಾಗಿಯೇ ಇರುತ್ತದೆ. ಕೂಗುವವನು ಕೂಗುತ್ತಿದ್ದಾನೆ, ಕೇಳುವವನಿಗೆ ಕೇಳಿಸುತ್ತಿಲ್ಲ. ಈ ಕಿವುಡುತನಕ್ಕೆ ಕಾರಣಗಳು ಹಲವು. ಅವುಗಳಲ್ಲೊಂದನ್ನು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜೆರಾಲ್ಡ್ ಶುಲ್ಮನ್ ಮತ್ತು ಅವರ ಸಹೋದ್ಯೋಗಿಗಳು ವಿವರಿಸಿದ್ದಾರೆ. ಯಕೃತ್ತಿನ ಕೋಶಗಳಲ್ಲಿ ಕೊಬ್ಬು ತುಂಬಿದಾಗ ಡಯಾಸಿಲ್‌ಗ್ಲಿಸರಾಲ್ ಎಂಬ ಮೇದಸ್ಸು ಶೇಖರವಾಗಿ, ಪ್ರೋಟೀನೊಂದನ್ನು ಪೊರೆಗೆ ಕರೆತರುತ್ತದೆ. ಆ ಪ್ರೋಟೀನು ಇನ್ಸುಲಿನ್ ಗ್ರಾಹಕದ ಒಳಗಿನ ಕೆಲಸಕ್ಕೆ ಅಡ್ಡಿಮಾಡುತ್ತದೆ. ಮೈತೂಕ ಇಳಿಸುವುದು, ನಡೆಯುವುದು, ಮೈಮುರಿದು ದುಡಿಯುವುದು ಇವುಗಳಿಂದ ಇನ್ಸುಲಿನ್ನಿನ ಕರೆ ಮತ್ತೆ ಚೆನ್ನಾಗಿ ಕೇಳಿಸುವಂತಾಗುತ್ತದೆಂಬ ವೈದ್ಯರ ಮಾತಿಗೆ ಇಲ್ಲೊಂದು ಆಧಾರ ದೊರೆಯುತ್ತದೆ. ಹೊಟ್ಟೆಯ ಸುತ್ತ ಮತ್ತು ಯಕೃತ್ತಿನಲ್ಲಿ ಶೇಖರವಾದ ಕೊಬ್ಬು ಕೇವಲ ಹೊರೆಯಲ್ಲ. ಅದು ಕೋಶದ ಕಿವಿಯನ್ನು ಮುಚ್ಚುವ ಕೈ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಪೊರೆಯಲ್ಲಿ ಮೇದಸ್ಸಿದೆ, ಮೇದಸ್ಸಿನಿಂದ ಗ್ರಾಹಕ ಬದಲಾಗುತ್ತದೆ, ಆದ್ದರಿಂದ ಇಂಥ ಎಣ್ಣೆಯನ್ನು ಕುಡಿದರೆ ಮಧುಮೇಹ ಗುಣವಾಗುತ್ತದೆ ಎಂದು ಹೇಳುವವರು ಸಂತೆಯಲ್ಲಿಯೂ ಸಿಗುತ್ತಾರೆ, ಪತ್ರಿಕೆಯ ಜಾಹೀರಾತಿನಲ್ಲಿಯೂ ಸಿಗುತ್ತಾರೆ. ಇದು ಹೇತುವಿಲ್ಲದ ಅನುಮಾನ. ಉಂಡ ಎಣ್ಣೆ ಉಂಡ ಹಾಗೆಯೇ ಪೊರೆಗೆ ಹೋಗಿ ಕೂರುವುದಿಲ್ಲ. ಜೀರ್ಣವಾಗಿ, ಬಿಡಿಯಾಗಿ, ಕೋಶ ತನಗೆ ಬೇಕಾದಂತೆ ಕಟ್ಟಿಕೊಳ್ಳುತ್ತದೆ. ಹಾಗೆಯೇ ಕೊಲೆಸ್ಟರಾಲ್ ಪೊರೆಗೆ ಬೇಕೆಂದು ಓದಿ ವೈದ್ಯರು ಕೊಟ್ಟ ಗುಳಿಗೆಯನ್ನು ಬಿಡುವುದು ಅವಿವೇಕ. ಪ್ರಯೋಗಶಾಲೆಯಲ್ಲಿ ಪೊರೆಯಿಂದ ಕೊಲೆಸ್ಟರಾಲನ್ನು ಹೀರಿ ತೆಗೆಯುವುದು ಬೇರೆ, ರಕ್ತದಲ್ಲಿ ಮಿತಿಮೀರಿದ್ದನ್ನು ಮಿತಿಗೆ ತರುವುದು ಬೇರೆ.

ಉಪಸಂಹಾರ

ಕನ್ನಡ ಪಂಡಿತನಿಗೆ ಜೀವಕೋಶದ ಗೊಡವೆ ಏತಕ್ಕೆ ಎಂದು ಕೆಲವರು ಕೇಳಬಹುದು. ನಮ್ಮ ಶಾಲೆಯ ಮಕ್ಕಳು ವಿಜ್ಞಾನವನ್ನು ಕಲಿಯುವುದು ಭಾಷೆಯ ಮೂಲಕ. ಪೊರೆಯನ್ನು ‘ಗೋಡೆ’ ಎಂದು ಹೇಳಿಕೊಟ್ಟರೆ ಮಗು ಗೋಡೆಯನ್ನೇ ಕಾಣುತ್ತದೆ; ‘ಹೊಸ್ತಿಲು’ ಎಂದು ಹೇಳಿಕೊಟ್ಟರೆ ಅಲ್ಲಿ ಬರುವವರೂ ಹೋಗುವವರೂ ಮಾತೂ ವ್ಯವಹಾರವೂ ಕಾಣುತ್ತವೆ. ಸರಿಯಾದ ಪದ ಸರಿಯಾದ ತಿಳಿವಿಗೆ ದಾರಿ. ವಿಜ್ಞಾನದ ಉಪಾಧ್ಯಾಯರೂ ಭಾಷೆಯ ಉಪಾಧ್ಯಾಯರೂ ಒಂದೆಡೆ ಕುಳಿತು ಇಂಥ ಪಾಠಗಳನ್ನು ಸಿದ್ಧಪಡಿಸಿದರೆ, ಅದು ಕಟ್ಟಡ ಕಟ್ಟಿಸಿಕೊಟ್ಟಷ್ಟೇ ದೊಡ್ಡ ಸೇವೆಯಾದೀತು. ಬೆಂಗಳೂರಿನ ಪ್ರಯೋಗಶಾಲೆಯಲ್ಲಿ ಪೊರೆಯ ರಹಸ್ಯವನ್ನು ಶೋಧಿಸುತ್ತಿರುವವರ ಸಾಲಿನಲ್ಲಿ ಕುಬಟೂರಿನ ಸೀಮೆಯ ಮಕ್ಕಳೂ ಒಂದು ದಿನ ನಿಲ್ಲಬೇಕು. ಅದಕ್ಕೆ ಬೇಕಾದ ಯೋಗ್ಯತೆ ಅವರಲ್ಲಿದೆ, ಆಕಾಂಕ್ಷೆಯೂ ಇದೆ. ಸನ್ನಿಧಿಯನ್ನು ಒದಗಿಸುವುದು ಉಪಾಧ್ಯಾಯರ, ಹಳೆಯ ವಿದ್ಯಾರ್ಥಿಗಳ ಮತ್ತು ದಾನಿಗಳಾದ ಮಹನೀಯರ ಹೊಣೆ.